ಜಡರೆನಿಸಿಕೊಂಡವರ ಶಾಲೆಯಲ್ಲಿ ಶಿಲ್ಪವಿದ್ಯೆ

೧

ಪಂಚತಂತ್ರದ ಪೀಠಿಕೆಯನ್ನು ಓದಿರುವ ವಾಚಕರಿಗೆ ಮಹಿಲಾರೋಪ್ಯದ ಅರಸನಾದ ಅಮರಶಕ್ತಿಯ ಚಿಂತೆಯು ನೆನಪಿರಬಹುದು. ಆತನಿಗೆ ಮೂವರು ಗಂಡುಮಕ್ಕಳು. ಮೂವರಿಗೂ ವಿದ್ಯೆ ಹತ್ತಲಿಲ್ಲ. ವ್ಯಾಕರಣವೊಂದಕ್ಕೇ ಹನ್ನೆರಡು ವರ್ಷ ಬೇಕು, ಮಿಕ್ಕ ಶಾಸ್ತ್ರಗಳು ಆಮೇಲೆ ಎಂದು ಆಸ್ಥಾನದಲ್ಲಿ ಲೆಕ್ಕ ನಡೆಯುತ್ತಿದ್ದಾಗ ವಿಷ್ಣುಶರ್ಮನೆಂಬ ವೃದ್ಧನು, ಆರು ತಿಂಗಳಲ್ಲಿ ಇವರನ್ನು ನೀತಿಜ್ಞರನ್ನಾಗಿ ಮಾಡುವೆನೆಂದು ಪ್ರತಿಜ್ಞೆಮಾಡಿ, ಅವರನ್ನು ತನ್ನ ಮನೆಗೆ ಕರೆದೊಯ್ದು ಕಥೆ ಹೇಳತೊಡಗಿದನು. ಈ ಪೀಠಿಕೆಯನ್ನು ನಾನು ಸಂಸ್ಕೃತ ಪಾಠಶಾಲೆಯಲ್ಲಿ ಕಂಠಪಾಠ ಮಾಡಿದ್ದೆನು. ಉಪಾಧ್ಯಾಯನಾದ ಮೇಲೆ ಮೂವತ್ತು ವರ್ಷಕ್ಕೆ ಮಿಕ್ಕಿ ಹುಡುಗರಿಗೆ ಕಲಿಸಿಯೂ ಕಲಿಸಿದೆನು. ಆದರೆ ಅದರಲ್ಲಡಗಿರುವ ಮುಖ್ಯ ಸಂಗತಿಯು ನನಗೆ ಹೊಳೆದದ್ದು ನಿವೃತ್ತನಾದ ತರುವಾಯವೇ. ವಿಷ್ಣುಶರ್ಮನು ರಾಜಪುತ್ರರಿಗೆ ಬೇರೆ ಬುದ್ಧಿಯನ್ನು ತಂದುಕೊಡಲಿಲ್ಲ; ಪಾಠದ ದಾರಿಯನ್ನು ಬೇರೆ ಮಾಡಿದನು.

ಕಥೆಯದು ಕಿವಿಯ ದಾರಿ. ಕಿವಿಯೇ ಕೇಳದ, ಇಲ್ಲವೆ ನಾಲಗೆಯು ತೊಡರುವ, ಇಲ್ಲವೆ ಅಕ್ಷರವು ಕಣ್ಣಮುಂದೆ ನಿಲ್ಲದ ಮಕ್ಕಳ ಪಾಡೇನು? ಇಂಥವರನ್ನೆಲ್ಲ ಲೋಕವು ಬಹುಕಾಲದಿಂದ ಒಂದೇ ಮಾತಿನಲ್ಲಿ ಜಡರೆಂದು ಕರೆಯುತ್ತ ಬಂದಿದೆ. ಭಾಗವತದ ಜಡಭರತನ ವೃತ್ತಾಂತವನ್ನು ಬಲ್ಲ ನಾವಾದರೂ ಆ ಮಾತನ್ನು ಆಡುವ ಮೊದಲು ತುಸು ಅನುಮಾನಿಸಬೇಕಾಗಿತ್ತು. ರಹೂಗಣರಾಯನ ಪಲ್ಲಕ್ಕಿಯನ್ನು ಹೊತ್ತ ಆ ಮೌನಿಯನ್ನು ಮನೆಯವರೂ ಊರವರೂ ಹೆಡ್ಡನೆಂದೇ ಬಗೆದಿದ್ದರಷ್ಟೆ. ಅನುಮಾನಿಸಬೇಕಾದವರಲ್ಲಿ ನಾನೂ ಒಬ್ಬನೆಂಬುದನ್ನು ಮುಂದೆ ಹೇಳುವೆನು.

ಯುರೋಪ ಖಂಡದಲ್ಲಿ ಕಳೆದ ಎರಡು ಶತಮಾನಗಳಲ್ಲಿ ಕೆಲವರು ವೈದ್ಯರೂ ಉಪಾಧ್ಯಾಯರೂ ಇಂಥ ಮಕ್ಕಳಿಗಾಗಿ ಮತ್ತೊಂದು ದಾರಿಯನ್ನು ಹುಡುಕಿದರು. ಅದು ಕೈಯ ದಾರಿ. ಮಣ್ಣು, ಮರ, ನೂಲುಗಳಲ್ಲಿ ರೂಪವನ್ನು ನಿರ್ಮಿಸುವ ಕಲೆಯು ಅವರ ಶಾಲೆಗಳನ್ನು ಹೇಗೆ ಪ್ರವೇಶಿಸಿತು, ಅದರಿಂದ ಏನಾಯಿತು, ಏನಾಗಲಿಲ್ಲ ಎಂಬುದೇ ಈ ಲೇಖನದ ವಿಷಯವು. ನಮ್ಮ ಭಾಷೆಯಲ್ಲಿ ಶಿಲ್ಪವೆಂಬುದು ಕಲ್ಲುಕೆತ್ತನೆಯೊಂದಕ್ಕೇ ಸಂದ ಪದವಲ್ಲ. ಕೈಯಿಂದಾಗುವ ಕುಶಲಕರ್ಮವೆಲ್ಲವೂ ಶಿಲ್ಪವೇ. ಆ ವಿಶಾಲವಾದ ಅರ್ಥದಲ್ಲಿಯೇ ನಾನು ಇಲ್ಲಿ ಆ ಪದವನ್ನು ಬಳಸಿದ್ದೇನೆ.

೨

ಈ ಚರಿತ್ರೆಯು ಒಬ್ಬ ಕಾಡುಹುಡುಗನಿಂದ ಮೊದಲಾಗುತ್ತದೆ. ೧೮೦೦ನೆಯ ಇಸವಿಯಲ್ಲಿ ಫ್ರಾನ್ಸ್ ದೇಶದ ಅವೇರೋಂ ಪ್ರಾಂತದಲ್ಲಿ, ಮಾತು ಬಾರದೆ ಒಂಟಿಯಾಗಿ ಅಲೆಯುತ್ತಿದ್ದ ಸುಮಾರು ಹನ್ನೆರಡು ವರ್ಷದ ಬಾಲಕನೊಬ್ಬನು ಸಿಕ್ಕಿದನು. ಅವನನ್ನು ಪ್ಯಾರಿಸಿನ ಕಿವುಡಮೂಕರ ವಿದ್ಯಾಲಯಕ್ಕೆ ತಂದರು. ಆ ಕಾಲದ ಶ್ರೇಷ್ಠ ವೈದ್ಯನಾದ ಪಿನೆಲನು ಇವನಿಗೆ ಕಲಿಸುವುದು ಅಸಾಧ್ಯವೆಂದು ತೀರ್ಮಾನವಿತ್ತನು. ಇಟಾರನೆಂಬ ತರುಣ ವೈದ್ಯನು ಮಾತ್ರ ಅದಕ್ಕೆ ಒಪ್ಪದೆ, ಬಾಲಕನಿಗೆ ವಿಕ್ತೋರನೆಂದು ಹೆಸರಿಟ್ಟು, ಸುಮಾರು ಐದು ವರ್ಷ ಅವನೊಡನೆ ಶ್ರಮಿಸಿದನು. ಪಾತ್ರೆಯೊಳಗೆ ಬೇರೆಬೇರೆ ಕಾಯಿಗಳನ್ನು ಹಾಕಿ, ನೋಡದೆ ಕೈಯಿಂದ ತಡವಿಯೇ ಇದು ಇಂಥದೆಂದು ಗುರುತಿಸುವಂತೆ ಅವನಿಗೆ ಅಭ್ಯಾಸ ಮಾಡಿಸಿದನು. ವಿಕ್ತೋರನಿಗೆ ಮಾತು ಬರಲಿಲ್ಲ. ಇಟಾರನು ತಾನು ಸೋತೆನೆಂದೇ ತಿಳಿದನು. ಆದರೆ ೧೮೦೧ರಲ್ಲಿಯೂ ೧೮೦೬ರಲ್ಲಿಯೂ ಅವನು ಬರೆದ ಎರಡು ವರದಿಗಳು ಉಳಿದುಕೊಂಡವು. ಸ್ಪರ್ಶವೂ ಒಂದು ಪಾಠವಾಗಬಲ್ಲುದೆಂಬ ಸಂಗತಿಯು ಆ ವರದಿಗಳಲ್ಲಿ ಬೀಜರೂಪವಾಗಿ ಇದ್ದಿತು.

ಆ ಬೀಜವನ್ನು ಬಿತ್ತಿ ಬೆಳೆದವನು ಇಟಾರನ ಶಿಷ್ಯನಾದ ಎದ್ವಾರ್ ಸೆಗ್ವೆನನು (೧೮೧೨-೧೮೮೦). ೧೮೩೭ರಲ್ಲಿ ಒಬ್ಬನೇ ಬಾಲಕನಿಂದ ಕೆಲಸವನ್ನು ಆರಂಭಿಸಿದ ಈತನು ಕ್ರಮೇಣ ಪ್ಯಾರಿಸಿನಲ್ಲಿ ಶಾಲೆಯನ್ನು ನಡೆಸಿ, ೧೮೪೬ರಲ್ಲಿ ತನ್ನ ಪದ್ಧತಿಯನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಅನಂತರ ಅಮೆರಿಕೆಗೆ ಹೋಗಿ ಅಲ್ಲಿಯೂ ಇಂಥ ಶಾಲೆಗಳಿಗೆ ಮಾರ್ಗದರ್ಶಕನಾದನು. ಮೊದಲು ಸ್ನಾಯು, ಬಳಿಕ ಇಂದ್ರಿಯ, ಅದರ ಬಳಿಕ ಬುದ್ಧಿ, ಇದೇ ಅವನ ಕ್ರಮವು. ಕೈಗೆ ಹಿಡಿತ ಬಾರದ ಮಗುವಿಗೆ ಲೇಖಣಿಯನ್ನು ಕೊಟ್ಟು ಪ್ರಯೋಜನವಿಲ್ಲ. ಮೊದಲು ಅದು ಏಣಿಯನ್ನು ಹಿಡಿಯಲಿ, ಮರದ ಆಕೃತಿಗಳನ್ನು ಅವುಗಳ ಗುಳಿಗಳಲ್ಲಿ ಕೂರಿಸಲಿ, ಗೆರೆಯನ್ನು ಎಳೆಯಲಿ, ಆಮೇಲೆ ಅಕ್ಷರವೆಂದು ಅವನು ಬೋಧಿಸಿದನು. ನಮ್ಮ ಹಳ್ಳಿಯ ಗಾಂವಟಿ ಶಾಲೆಗಳಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದಿಸುತ್ತಿದ್ದುದನ್ನು ಬಲ್ಲವರಿಗೆ ಈ ಮಾತು ಹೊಸದಾಗಿ ತೋರಲಾರದು. ನಾವು ಅದನ್ನು ರೂಢಿಯೆಂದು ಮಾಡಿದೆವು. ಅವನು ಅದರ ಕಾರಣವನ್ನು ಹುಡುಕಿದನು.

೩

ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಆಂಡ್ರೂ ರೀಡನೆಂಬ ಪಾದ್ರಿಯು ಇಂಥವರಿಗಾಗಿ ೧೮೪೭ರಲ್ಲಿ ಒಂದು ಧರ್ಮಸಂಸ್ಥೆಯನ್ನು ಕಟ್ಟಿದನು. ಅದಕ್ಕಾಗಿ ಲಂಡನ್ನಿಗೆ ದಕ್ಷಿಣದಲ್ಲಿರುವ ಅರ್ಲ್ಸ್‌ವುಡ್ ಎಂಬಲ್ಲಿ ಎದ್ದ ಮಹಾಭವನಕ್ಕೆ ೧೮೫೩ರಲ್ಲಿ ರಾಣಿಯ ಪತಿಯಾದ ಆಲ್ಬರ್ಟನು ಅಸ್ತಿಭಾರವನ್ನು ಹಾಕಿದನು. ೧೮೫೫ರಲ್ಲಿ ಅದು ತೆರೆಯಿತು. ಅದು ಆಶ್ರಯವೂ ಹೌದು, ಶಾಲೆಯೂ ಹೌದು. ಬಡಗಿತನ, ಹೊಲಿಗೆ, ಚಾಪೆಯ ಹೆಣಿಗೆ ಮೊದಲಾದ ಕೈಗೆಲಸಗಳನ್ನು ಅಲ್ಲಿ ಕಲಿಸುತ್ತಿದ್ದರು. ೧೮೫೮ರಿಂದ ೧೮೬೮ರ ವರೆಗೆ ಅದರ ವೈದ್ಯಾಧಿಕಾರಿಯಾಗಿದ್ದವನು ಜಾನ್ ಲ್ಯಾಂಗ್ಡನ್ ಡೌನನು. ಇಂದು ಡೌನ್ ಸಿಂಡ್ರೋಮ್ ಎಂದು ಕರೆಯುವ ಸ್ಥಿತಿಗೆ ಈತನ ಹೆಸರೇ ನಿಂತಿದೆ. ಜನಾಂಗಗಳ ವಿಷಯವಾಗಿ ಅವನು ಬರೆದದ್ದು ತಪ್ಪೆಂದು ಲೋಕವು ಆಮೇಲೆ ತಿಳಿದುಕೊಂಡಿತು. ಆದರೆ ಮಕ್ಕಳನ್ನು ಹೊಡೆಯಕೂಡದೆಂದು ಅವನು ಮಾಡಿದ ಕಟ್ಟುಪಾಡು ತಪ್ಪಾಗಿರಲಿಲ್ಲ.

ಈ ಸಂಸ್ಥೆಯಲ್ಲಿ ಬೆಳೆದವನೇ ಜೇಮ್ಸ್ ಹೆನ್ರಿ ಪುಲನ್ (೧೮೩೫-೧೯೧೬). ಲಂಡನ್ ನಗರದ ಬಡಾವಣೆಯೊಂದರಲ್ಲಿ ಹುಟ್ಟಿದ ಈ ಹುಡುಗನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಏಳು ವರ್ಷದವನಾಗುವ ವರೆಗೆ 'ಅಮ್ಮ' ಎಂಬರ್ಥದ ಒಂದು ಪದವನ್ನು ಬಿಟ್ಟು ಬೇರೆ ಮಾತು ಬಂದಿರಲಿಲ್ಲ. ಆದರೆ ಅವನು ಒಲೆಗೆಂದು ತಂದ ಸೌದೆಯ ತುಂಡುಗಳನ್ನು ಆಯ್ದು ಚಿಕ್ಕಚಿಕ್ಕ ಹಡಗುಗಳನ್ನು ಕೆತ್ತುತ್ತಿದ್ದನು. ಬಾಲ್ಯದಲ್ಲಿ ಅವನನ್ನು ಕೋಲ್ಚೆಸ್ಟರಿನ ಶಾಖೆಗೂ ಅಲ್ಲಿಂದ ಅರ್ಲ್ಸ್‌ವುಡ್ಡಿಗೂ ಕಳುಹಿಸಿದರು. ಓದುಬರಹವನ್ನು ಕಲಿಸಲು ಅಲ್ಲಿಯ ಉಪಾಧ್ಯಾಯರು ಮಾಡಿದ ಪ್ರಯತ್ನವೆಲ್ಲ ಅತಿ ಚಿಕ್ಕ ಪದಗಳಿಂದ ಮುಂದಕ್ಕೆ ಹೋಗಲಿಲ್ಲ. ಆಗ ಅವನನ್ನು ಬಡಗಿಯ ಕೋಣೆಗೆ ಬಿಟ್ಟರು. ಕೆಲವು ವರ್ಷಗಳಲ್ಲಿಯೇ ಅವನು ಸಂಸ್ಥೆಯ ಮೇಜುಕುರ್ಚಿಗಳನ್ನು ಮಾಡುವ ನಿಪುಣನಾದ ಕುಶಲಕರ್ಮಿಯಾದನು. ಬಿಡುವಿನ ವೇಳೆಯಲ್ಲಿ ಮರದಲ್ಲಿಯೂ ದಂತದಲ್ಲಿಯೂ ತನ್ನ ಮನಸ್ಸಿಗೆ ಬಂದುದನ್ನು ಕೆತ್ತಿದನು. ಯಾವ ಸಮುದ್ರದಲ್ಲಿಯೂ ಕಾಣದ ರಾಜನೌಕೆಯೊಂದನ್ನು ಕಲ್ಪಿಸಿ ಕಟ್ಟಿದನು. ತಾನು ಒಳಗೆ ಕುಳಿತು ಕೈಕಾಲುಗಳನ್ನು ಆಡಿಸಬಹುದಾದ ರಾಕ್ಷಸಾಕಾರದ ಬೊಂಬೆಯೊಂದನ್ನು ತನ್ನ ಕೋಣೆಯಲ್ಲಿ ನಿಲ್ಲಿಸಿದನು. ಯುವರಾಜನಾಗಿದ್ದ ಎಡ್ವರ್ಡನು ಕೆತ್ತನೆಗಾಗಿ ಅವನಿಗೆ ಆನೆಯ ದಂತಗಳನ್ನು ಕೊಡಿಸಿದನೆಂದು ಹೇಳುತ್ತಾರೆ.

ಅವನ ಕೃತಿಗಳಲ್ಲಿ ಮೇಲೆನಿಸಿದ್ದು 'ಗ್ರೇಟ್ ಈಸ್ಟರ್ನ್' ಹಡಗಿನ ಪ್ರತಿಕೃತಿಯು. ೧೮೫೮ರಲ್ಲಿ ನೀರಿಗಿಳಿದ ಆ ಹಡಗು ಆ ಕಾಲದ ಹಡಗುಗಳಲ್ಲೆಲ್ಲ ದೊಡ್ಡದು. ಪುಲನನು ೧೮೭೦ರ ಸುಮಾರಿಗೆ ಕೈಹಚ್ಚಿ, ಏಳು ವರ್ಷ ದುಡಿದು, ಸುಮಾರು ಹತ್ತು ಅಡಿ ಉದ್ದದ ಪ್ರತಿಕೃತಿಯನ್ನು ಮುಗಿಸಿದನು. ಅದರ ಐದು ಸಾವಿರಕ್ಕೆ ಮಿಕ್ಕ ತಿರುಪು ಮೊಳೆಯಂಥ ಚಿಕ್ಕ ರಿವೆಟ್ಟುಗಳನ್ನೂ ಲಂಗರುಗಳನ್ನೂ ತಾನೇ ಮಾಡಿದನು. ಮೊದಲ ಸಲ ನೀರಿಗಿಳಿಸಿದಾಗ ಅದು ತೇಲದೆ ಮುಳುಗಿತು. ಅವನು ಅದನ್ನು ಮೇಲೆತ್ತಿ, ತಪ್ಪನ್ನು ಹುಡುಕಿ, ಪಟ್ಟುಹಿಡಿದು ತಿದ್ದಿದನು. ೧೮೮೩ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಮತ್ಸ್ಯೋದ್ಯಮ ಪ್ರದರ್ಶನದಲ್ಲಿ ಜನರು ಅದನ್ನು ಬೆರಗಿನಿಂದ ನೋಡಿದರು.

ಉಪಾಧ್ಯಾಯನಾಗಿದ್ದ ನನಗೆ ಈ ವೃತ್ತಾಂತದಲ್ಲಿ ಹೆಚ್ಚಾಗಿ ನಾಟಿದ್ದು ಪ್ರದರ್ಶನದ ಕೀರ್ತಿಯಲ್ಲ, ಮುಳುಗಿದ ಹಡಗು. ಅಕ್ಷರದ ತರಗತಿಯಲ್ಲಿ ಹುಡುಗನ ತಪ್ಪನ್ನು ಹೇಳುವವನು ಉಪಾಧ್ಯಾಯನು; ಹುಡುಗನಿಗೆ ತಪ್ಪೆಂಬುದು ಕಾಣುವುದಿಲ್ಲ, ಉಪಾಧ್ಯಾಯನ ಮುಖದ ಕೋಪ ಮಾತ್ರ ಕಾಣುತ್ತದೆ. ಶಿಲ್ಪದಲ್ಲಿ ಹಾಗಲ್ಲ. ತಪ್ಪಿದುದು ಎಲ್ಲಿಯೆಂಬುದನ್ನು ನೀರು ಹೇಳುತ್ತದೆ, ಮರ ಹೇಳುತ್ತದೆ, ಒಣಗಿ ಬಿರಿದ ಮಣ್ಣು ಹೇಳುತ್ತದೆ, ಯಾರೂ ಬೈಯುವುದಿಲ್ಲ. ಓದಲು ಬಾರದ ಪುಲನನು ತನ್ನ ಸೋಲನ್ನು ಓದಿಕೊಂಡನು. ಅದಕ್ಕೆ ಬೇಕಾದ ಉಪಕರಣಗಳೂ ಅವಕಾಶವೂ ಅವನಿಗೆ ಒದಗಿದ್ದುವು.

ಆದರೆ ಈ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ. ಅದನ್ನು ಮುಚ್ಚಿಟ್ಟರೆ ಚರಿತ್ರೆಯಾಗಲಾರದು. ಲೋಕವು ಅವನಿಗೆ 'ಅರ್ಲ್ಸ್‌ವುಡ್ಡಿನ ಪ್ರತಿಭಾವಂತ' ಎಂಬ ಬಿರುದನ್ನು ಕೊಟ್ಟಿತು, ಬಿಡುಗಡೆಯನ್ನು ಕೊಡಲಿಲ್ಲ. ಊರಿನ ಒಬ್ಬ ಹೆಂಗಸನ್ನು ಮೆಚ್ಚಿ ಮದುವೆಯಾಗುವೆನೆಂದು ಅವನು ಹಟಹಿಡಿದಾಗ, ಅಧಿಕಾರಿಗಳು ನೌಕಾಸೇನಾಪತಿಯ ಪೋಷಾಕೊಂದನ್ನು ತೊಡಿಸಿ ಸಮಾಧಾನ ಮಾಡಿದರೆಂಬ ಕಥೆಯು ಪ್ರಚಾರದಲ್ಲಿದೆ. ಬಾಳಿನುದ್ದಕ್ಕೂ ಹಡಗುಗಳನ್ನು ಕಟ್ಟಿದವನು ಆ ಗೋಡೆಗಳ ಒಳಗೇ ಎಂಬತ್ತೊಂದು ವರ್ಷದ ಮುದುಕನಾಗುವ ವರೆಗೆ ಇದ್ದು ತೀರಿಕೊಂಡನು. ಅವನನ್ನು ಅಳೆದವರು ಮಾತಿನಿಂದಲೂ ಓದಿನಿಂದಲೂ ಅಳೆದರು. ಕೇಳದ ಕಿವಿಗೆ ಆ ಅಳತೆಯೇ ಸಲ್ಲದೆಂಬುದನ್ನು ಎಣಿಸಲಿಲ್ಲ. ಅರ್ಲ್ಸ್‌ವುಡ್ ಸಂಸ್ಥೆಯು ೧೯೯೭ರಲ್ಲಿ ಮುಚ್ಚಿತು. ಪುಲನನ ಹಡಗುಗಳು ಡೌನನು ೧೮೬೮ರಲ್ಲಿ ಟೆಡಿಂಗ್ಟನ್ ಬಳಿ ಸ್ಥಾಪಿಸಿದ ನಾರ್ಮನ್ಸ್‌ಫೀಲ್ಡ್ ಭವನದ ವಸ್ತುಸಂಗ್ರಹಾಲಯಕ್ಕೆ ಬಂದು ಸೇರಿದುವು.

೪

ಪುಲನನ ಮುಪ್ಪಿನ ಕಾಲದಲ್ಲಿಯೇ ಎರಡು ಸಂಗತಿಗಳು ನಡೆದುವು. ಮೊದಲನೆಯದು: ೧೮೯೬ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯನು, ಹದಿನಾಲ್ಕು ವರ್ಷದ ಚುರುಕಾದ ಹುಡುಗನೊಬ್ಬನು ಎಷ್ಟು ಕಲಿಸಿದರೂ ಓದಲಾರದೆ ಇರುವುದನ್ನು ವೈದ್ಯಪತ್ರಿಕೆಯಲ್ಲಿ ವರ್ಣಿಸಿದನು. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವುದಾದರೆ ಶಾಲೆಗೆಲ್ಲ ಇವನೇ ಜಾಣನೆಂದು ಆ ಹುಡುಗನ ಉಪಾಧ್ಯಾಯನು ಅಭಿಪ್ರಾಯಪಟ್ಟಿದ್ದನಂತೆ. ಇಂದು ಡಿಸ್ಲೆಕ್ಸಿಯ ಎಂದು ಕರೆಯುವ ಭಿನ್ನತೆಯು ಇದೇ. ಹೀಗೆ, ಜಡರೆಂಬ ಒಂದೇ ಮೂಟೆಯಲ್ಲಿ ಕಟ್ಟಿಟ್ಟಿದ್ದವರೊಳಗೆ ಕಿವಿ ಕೇಳದವರು ಬೇರೆ, ಅಕ್ಷರ ನಿಲ್ಲದವರು ಬೇರೆ, ಬುದ್ಧಿಯು ನಿಧಾನವಾಗಿ ಬೆಳೆಯುವವರು ಬೇರೆ ಎಂಬ ವಿವೇಕವು ಮೆಲ್ಲಮೆಲ್ಲನೆ ಹುಟ್ಟಿತು.

ಎರಡನೆಯದು: ರೋಮ್ ನಗರದಲ್ಲಿ ವೈದ್ಯೆಯಾಗಿದ್ದ ಮರಿಯಾ ಮಾಂಟೆಸ್ಸೋರಿಯವರು ೧೯೦೦ರ ಸುಮಾರಿಗೆ ಇಂಥ ಮಕ್ಕಳ ಶಾಲೆಯೊಂದರ ನಿರ್ದೇಶಕಿಯಾದರು. ಇಟಾರ್, ಸೆಗ್ವೆನರ ಗ್ರಂಥಗಳನ್ನು ಆಕೆಯು ತಮ್ಮ ಕೈಯಿಂದಲೇ ಇಟಾಲಿಯನ್ ಭಾಷೆಗೆ ಬರೆದುಕೊಂಡು ಮನನಮಾಡಿದ್ದರು. ಮರದಲ್ಲಿ ಅಕ್ಷರಗಳನ್ನು ಮಾಡಿಸಿ, ಮಕ್ಕಳು ಅವುಗಳ ಮೇಲೆ ಬೆರಳಾಡಿಸಿ ರೂಪವನ್ನು ತಿಳಿಯುವಂತೆ ಮಾಡಿದರು. ಆ ಮಕ್ಕಳಲ್ಲಿ ಕೆಲವರು ಸಾಮಾನ್ಯ ಶಾಲೆಯ ಪರೀಕ್ಷೆಯಲ್ಲಿ ತೇರ್ಗಡೆಯಾದುದನ್ನು ಕಂಡು ಲೋಕವು ಹೊಗಳಿತು. ಆಕೆಯಾದರೋ, ಸಾಮಾನ್ಯ ಶಾಲೆಯಲ್ಲಿ ಆರೋಗ್ಯವಂತ ಮಕ್ಕಳನ್ನು ಇಷ್ಟು ಕೆಳಗೆ ಹಿಡಿದಿರುವ ಕಾರಣವೇನೆಂದು ವಿಚಾರಿಸತೊಡಗಿದರು. ೧೯೦೭ರಲ್ಲಿ ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ತೆರೆದ ಮಕ್ಕಳ ಮನೆಯು ಆ ವಿಚಾರದ ಫಲವು. ಮಣ್ಣಿನಿಂದ ಮಡಕೆ ಮಾಡುವುದಕ್ಕೂ ಚಿಕ್ಕ ಇಟ್ಟಿಗೆಗಳಿಂದ ಗೋಡೆ ಕಟ್ಟುವುದಕ್ಕೂ ಆಕೆಯು ತಮ್ಮ ಗ್ರಂಥದಲ್ಲಿ ಬೇರೆಯಾಗಿಯೇ ಸ್ಥಳವನ್ನು ಕೊಟ್ಟಿದ್ದಾರೆ. ೧೯೩೯ರಲ್ಲಿ ಆಕೆಯು ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ವರ್ಷಗಳನ್ನು ನಮ್ಮ ದಕ್ಷಿಣದೇಶದಲ್ಲಿಯೇ ಕಳೆದು, ಅನೇಕ ಉಪಾಧ್ಯಾಯರನ್ನು ತರಬೇತುಗೊಳಿಸಿದುದು ಹಲವರಿಗೆ ತಿಳಿದೇ ಇದೆ. ನಮ್ಮ ಪಟ್ಟಣಗಳಲ್ಲಿ ಅನುಕೂಲಸ್ಥರ ಮಕ್ಕಳು ಹೋಗುವ ಮಾಂಟೆಸ್ಸೋರಿ ಶಾಲೆಗಳ ಮೂಲವು ಜಡರೆನಿಸಿಕೊಂಡ ಮಕ್ಕಳ ಶಾಲೆಯೆಂಬುದು ಮಾತ್ರ ಅಷ್ಟಾಗಿ ತಿಳಿಯದು.

ಪುಲನನ ಕಥೆಯು ನೂರು ವರ್ಷದ ಬಳಿಕ ಅಮೆರಿಕೆಯಲ್ಲಿ ಮತ್ತೊಮ್ಮೆ ನಡೆಯಿತು. ಕೊನೆಯು ಮಾತ್ರ ಬೇರೆಯಾಯಿತು. ಓಹಾಯೋ ಸಂಸ್ಥಾನದಲ್ಲಿ ೧೯೪೩ರಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದರು. ಅವರಲ್ಲಿ ಜುಡಿತ್ ಸ್ಕಾಟಳಿಗೆ ಡೌನ್ ಸಿಂಡ್ರೋಮ್ ಇದ್ದಿತು. ಶೈಶವದ ಜ್ವರದಿಂದ ಕಿವಿಯೂ ಹೋಗಿದ್ದಿತು, ಅದನ್ನು ಬಹುಕಾಲ ಯಾರೂ ಅರಿಯಲಿಲ್ಲ. ಏಳನೆಯ ವಯಸ್ಸಿನಲ್ಲಿ ಬಾಯಿಮಾತಿನ ಪರೀಕ್ಷೆಮಾಡಿ, ಶಿಕ್ಷಣಕ್ಕೆ ಅನರ್ಹಳೆಂದು ಬರೆದು, ಅವಳನ್ನು ಸರಕಾರದ ಸಂಸ್ಥೆಯಲ್ಲಿ ಇಟ್ಟರು. ಅಲ್ಲಿ ಮೂವತ್ತೈದು ವರ್ಷ ಕಳೆದುವು. ಕಡೆಗೆ ಅವಳಿ ಸೋದರಿಯಾದ ಜಾಯ್ಸಳು ಹೊಣೆಹೊತ್ತು ಅವಳನ್ನು ಕ್ಯಾಲಿಫೋರ್ನಿಯಕ್ಕೆ ಕರೆದುಕೊಂಡು ಬಂದು, ಓಕ್‌ಲ್ಯಾಂಡ್ ಪಟ್ಟಣದ 'ಕ್ರಿಯೇಟಿವ್ ಗ್ರೋತ್' ಎಂಬ ಕಲಾಶಾಲೆಗೆ ಸೇರಿಸಿದಳು. ೧೯೭೪ರಲ್ಲಿ ಕಾಟ್ಜ್ ದಂಪತಿಗಳು ತಮ್ಮ ಮನೆಯಲ್ಲಿ ಆರಂಭಿಸಿದ ಶಾಲೆಯಿದು. ಜುಡಿತಳು ಹೆಚ್ಚುಕಡಿಮೆ ಎರಡು ವರ್ಷ ಅಲ್ಲಿ ಏನನ್ನೂ ಮನಸ್ಸಿಟ್ಟು ಮಾಡಲಿಲ್ಲ. ಯಾರೂ ಅವಳನ್ನು ಅಯೋಗ್ಯಳೆಂದು ಹೊರಕ್ಕೆ ಹಾಕಲಿಲ್ಲ. ಒಂದು ದಿನ ನೂಲಿನ ಕೆಲಸದ ತರಗತಿಯಲ್ಲಿ ಕಡ್ಡಿಗಳನ್ನು ಒಟ್ಟುಗೂಡಿಸಿ ನೂಲು ಸುತ್ತತೊಡಗಿದಳು. ಅಲ್ಲಿಂದ ೨೦೦೫ರಲ್ಲಿ ತೀರಿಕೊಳ್ಳುವ ವರೆಗೆ, ಸಿಕ್ಕಿದ ವಸ್ತುಗಳನ್ನು ನೂಲಿನಿಂದ ಬಿಗಿದು ಸುಮಾರು ಇನ್ನೂರು ಶಿಲ್ಪಗಳನ್ನು ಮಾಡಿದಳು. ಅವು ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಸ್ಥಾನ ಪಡೆದುವು. ಸಂಜೆಯಾದ ಮೇಲೆ ಅವಳು ಶಾಲೆಯಿಂದ ಹೊರಟು ಹೋಗುತ್ತಿದ್ದಳು. ಪುಲನನಿಗೆ ದೊರೆಯದಿದ್ದುದು ಇದೇ.

೫

ಇನ್ನು ನನ್ನ ಮಾತು. ಮೂವತ್ತು ವರ್ಷಕ್ಕೂ ಹಿಂದೆ, ನಮ್ಮ ಸೀಮೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ಕನ್ನಡವನ್ನೂ ಸಂಸ್ಕೃತವನ್ನೂ ಕಲಿಸುತ್ತಿದ್ದಾಗ, ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ವಕಾರ, ಪಕಾರ, ಷಕಾರಗಳು ಅವನಿಗೆ ಒಂದೇ ಆಗಿ ತೋರುತ್ತಿದ್ದುವು. ಓದೆಂದರೆ ಪುಸ್ತಕವನ್ನು ಹಿಡಿದು ನೆಲವನ್ನು ನೋಡುತ್ತಿದ್ದನು. ನಾನು ಅದನ್ನು ಉದಾಸೀನವೆಂದೇ ಬಗೆದೆನು, ಬೆತ್ತವನ್ನೂ ಬಳಸಿದೆನು. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಅವನು ಪಾಠದ ನಡುವೆ ಮಣೆಯ ಕೆಳಗೆ ಏನನ್ನೋ ತಿದ್ದುತ್ತಿರುವುದು ಕಂಡಿತು. ತೆಗೆದು ನೋಡಿದರೆ ಅಂಗೈಯಗಲದ ಮಣ್ಣಿನ ಎತ್ತು. ಪೂಜೆಗೆ ಕುಂಬಾರರು ಕೊಡುವ, ನೆಟ್ಟಗೆ ನಿಂತ ಎತ್ತಲ್ಲ. ಏರನ್ನು ಎಳೆಯಲಾರದೆ ಒಂದು ಮುಂಗಾಲನ್ನು ಊರಿ ಕೊರಳನ್ನು ಕೆಳಗೆ ಹಾಕಿದ ಮುದಿ ಎತ್ತು. ಅದರ ಪಕ್ಕೆಲುಬುಗಳನ್ನು ಅವನು ಉಗುರಿನಿಂದ ಎಣಿಸುವಂತೆ ಎಬ್ಬಿಸಿದ್ದನು. ಅದನ್ನು ನಾನು ನೋಡಿದೆನು. ಚೆನ್ನಾಗಿದೆಯೆಂದು ಆ ಕ್ಷಣದಲ್ಲಿಯೇ ನನಗೆ ತಿಳಿದಿತ್ತು. ತಿಳಿದೂ ತರಗತಿಯ ಶಿಸ್ತಿಗಾಗಿ ಕಿಟಕಿಯಿಂದ ಹೊರಗೆ ಎಸೆದೆನು. ಹುಡುಗನು ಅಳಲಿಲ್ಲ. ಮುಂದಿನ ವಾರದಿಂದ ಅವನು ಶಾಲೆಗೆ ಬರಲಿಲ್ಲ. ನಾನು ಅವನ ಮನೆಗೆ ಹೋಗಿ ವಿಚಾರಿಸಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೆ ಕೆಂಪು ಗೆರೆಯನ್ನು ಎಳೆದೆನು.

ಆ ಹುಡುಗನು ದೊಡ್ಡ ಶಿಲ್ಪಿಯಾಗುತ್ತಿದ್ದನೆಂದು ನಾನು ಹೇಳುವುದಿಲ್ಲ. ಕೈಗೆಲಸವು ಅಕ್ಷರಕ್ಕೆ ಬದಲಿಯೆಂದೂ ಹೇಳುವುದಿಲ್ಲ; ಅಕ್ಷರ ನಿಲ್ಲದ ಮಗುವಿಗೆ ಅಕ್ಷರವನ್ನೇ ಬೇರೆ ಕ್ರಮದಿಂದ, ಧ್ವನಿ ಧ್ವನಿಯಾಗಿ ಬಿಡಿಸಿ, ತಾಳ್ಮೆಯಿಂದ ಕಲಿಸಬೇಕು, ಕಲಿಸಲು ಬರುತ್ತದೆ. ಓದು ಬಾರದವನಿಗೆ ಉಳಿ ಸಾಕೆಂದು ಕೈತೊಳೆದುಕೊಳ್ಳುವುದು ಅರ್ಲ್ಸ್‌ವುಡ್ಡಿನ ಗೋಡೆಯನ್ನು ಮತ್ತೆ ಕಟ್ಟಿದಂತೆ. ನಾನು ಹೇಳುವುದಿಷ್ಟೆ. ಆ ಎತ್ತು ಆ ಹುಡುಗನು ಬರೆದ ಉತ್ತರಪತ್ರಿಕೆಯಾಗಿದ್ದಿತು. ಅವನು ಏನನ್ನು ಕಂಡಿದ್ದಾನೆ, ಎಷ್ಟು ಹೊತ್ತು ಮನಸ್ಸನ್ನು ನಿಲ್ಲಿಸಬಲ್ಲನು, ಯಾವುದಕ್ಕಾಗಿ ಮರುಗಬಲ್ಲನು ಎಂಬುದೆಲ್ಲ ಅದರಲ್ಲಿ ಇದ್ದಿತು. ಅದನ್ನು ಓದಲಾರದವನು ಅಲ್ಲಿ ನಾನೊಬ್ಬನೇ.

೨೦೧೬ರಲ್ಲಿ ನಮ್ಮ ದೇಶವು ಮಾಡಿದ ಅಂಗವಿಕಲರ ಹಕ್ಕುಗಳ ಕಾಯಿದೆಯು ಕಲಿಕೆಯ ಇಂಥ ನಿರ್ದಿಷ್ಟ ತೊಡಕುಗಳನ್ನೂ ಗಣನೆಗೆ ತೆಗೆದುಕೊಂಡಿದೆ. ಕಾಯಿದೆಯು ಪರೀಕ್ಷೆಯ ಕೋಣೆಯ ವರೆಗೆ ಬರಬಹುದು. ಮನೆಯ ಪಡಸಾಲೆಯ ವರೆಗೆ ಬರಬೇಕಾದವರು ನಾವು. ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ಪದ್ಯವಾಚನಕ್ಕೂ ಪ್ರಬಂಧಕ್ಕೂ ಬಹುಮಾನಗಳಿವೆ. ಎರಡೂ ಅಕ್ಷರ ಬಲ್ಲವರಿಗೆ ಸಲ್ಲುವುವು. ಬರುವ ವರ್ಷ ಸಭಾಭವನದ ಜಗಲಿಯ ಮೇಲೆ ಒಂದು ಮೇಜನ್ನೂ ಹದಮಾಡಿದ ಕರಿಮಣ್ಣನ್ನೂ ಇರಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಬೇಡಿಕೊಳ್ಳುತ್ತೇನೆ. ಬಹುಮಾನ ಬೇಡ, ಬಂದ ಮಕ್ಕಳು ಏನು ಬೇಕಾದರೂ ಮಾಡಲಿ, ಮಾಡಿದುದನ್ನು ಸಂಜೆಯ ವರೆಗೆ ಎಲ್ಲರೂ ನೋಡಲಿ. ಮಣ್ಣನ್ನು ತರಿಸುವ ಭಾರವನ್ನು ನಾನು ಹೊರುತ್ತೇನೆ. ಮೇಜಿನ ಬಳಿ ಇಡೀ ದಿನ ಕುಳಿತಿರಲು ಕೂಡ ಸಿದ್ಧನಾಗಿದ್ದೇನೆ.